ಕೊಂಡಪಲ್ಲಿಯ ಪುಟ್ಟ ಊರು: ಗೊಂಬೆ ಮೆಟ್ಟಿಲ ಪಕ್ಕದ ಭೂದೃಶ್ಯದ ಚರಿತ್ರೆ

ವಿಜಯವಾಡದಿಂದ ವಾಯವ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಇಬ್ರಾಹಿಂಪಟ್ಟಣದ ಪಕ್ಕದಲ್ಲೇ ಕೊಂಡಪಲ್ಲಿ ಇದೆ. ಬೆಟ್ಟದ ಮೇಲೆ 14ನೇ ಶತಮಾನದ ರೆಡ್ಡಿ ಅರಸರ ಕೋಟೆ, ಬುಡದಲ್ಲಿ ಮರದ ಗೊಂಬೆ ಮಾಡುವವರ ಮನೆಗಳು. ಕೋಟೆ ರೆಡ್ಡಿಗಳ ನಂತರ ಗಜಪತಿಗಳ ಕೈಗೆ ಹೋಯಿತು. 16ನೇ ಶತಮಾನದ ಎರಡನೇ ದಶಕದಲ್ಲಿ ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯಲ್ಲಿ ಅದನ್ನು ಗೆದ್ದುಕೊಂಡ; ಮುಂದೆ ಅದು ಗೋಲ್ಕೊಂಡದ ಕುತುಬ್‌ಶಾಹಿಗಳದಾಯಿತು. ಗೊಂಬೆ ಮಾಡುವವರು ತಮ್ಮನ್ನು ಆರ್ಯಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ. ಪೂರ್ವಜರು 16ನೇ ಶತಮಾನದಲ್ಲಿ ರಾಜಸ್ಥಾನದಿಂದ ಬಂದವರೆಂಬುದು ಅವರಲ್ಲಿ ಉಳಿದುಬಂದ ಮಾತು. ಮೂಲಪುರುಷ ಮುಕ್ತಋಷಿಗೆ ಶಿವನೇ ಈ ವಿದ್ಯೆ ಕಲಿಸಿದನೆಂಬ ಕಥೆಯನ್ನೂ ಅವರು ಹೇಳುತ್ತಾರೆ. ಕುಲಕಸುಬುಗಳಿಗೆಲ್ಲ ಇಂಥದೊಂದು ಕಥೆ ಇದ್ದೇ ಇರುತ್ತದೆ.

ಕೊಂಡಪಲ್ಲಿ ದೇವರ ಗೊಂಬೆಗಳಿಗೆ ಹೆಸರಾದ ಊರು. ದಶಾವತಾರದ ಸಾಲು, ಅಂಬಾರಿ ಹೊತ್ತ ಆನೆ ಇಲ್ಲಿಂದ ಎಲ್ಲೆಡೆಗೂ ಹೋಗುತ್ತವೆ. ಆದರೆ ಇಲ್ಲಿಯ ಕೈಚಳಕ ನಿಜವಾಗಿ ತಿಳಿಯುವುದು ಊರಿನ ದೃಶ್ಯಗಳಲ್ಲಿ. ತಾಳೆಮರ ಹತ್ತುತ್ತಿರುವ ಹೆಂಡ ಇಳಿಸುವವನು, ತಲೆಯ ಮೇಲೆ ಕೊಡ ಹೊತ್ತ ಹೆಂಗಸು, ತಿಗರಿಯ ಮುಂದೆ ಕುಳಿತ ಕುಂಬಾರ, ನೇಗಿಲು ಹೂಡಿದ ರೈತ, ಗುಡಿಸಲು, ಎತ್ತಿನ ಗಾಡಿ ಎಲ್ಲವನ್ನೂ ಒಂದೆಡೆ ಇಟ್ಟರೆ ಕೃಷ್ಣಾ ತೀರದ ಹಳ್ಳಿಯೊಂದು ಹಲಗೆಯ ಮೇಲೆ ಎದ್ದು ನಿಲ್ಲುತ್ತದೆ. ಯುರೋಪಿನಲ್ಲಿ ಆಟಿಕೆ ರೈಲಿನ ಸುತ್ತ ಬೆಟ್ಟ, ಹೊಲ, ಊರು ಕಟ್ಟುವ ಹವ್ಯಾಸ ಬೆಳೆಯುವ ಎಷ್ಟೋ ಮೊದಲೇ ಪುಟ್ಟ ಭೂದೃಶ್ಯಕ್ಕೆ ಬೇಕಾದ ಜನ, ಮರ, ಮನೆಗಳನ್ನು ಒದಗಿಸುವುದೇ ಇಲ್ಲಿ ಕಸುಬಾಗಿತ್ತು.

ಕೆಲಸಕ್ಕೆ ಬಳಸುವುದು ತೆಲ್ಲ ಪೊನಿಕಿ ಎಂಬ ಮರ. ಕೊಂಡಪಲ್ಲಿಯ ಸುತ್ತಲಿನ ಗುಡ್ಡಗಾಡಿನಲ್ಲಿ ಬೆಳೆಯುವ ಈ ಮರ ಬಹಳ ಹಗುರ, ಮೆದು. ಕಡಿದ ತುಂಡುಗಳನ್ನು ಸಣ್ಣ ಉರಿಯಲ್ಲಿ ಕಾಯಿಸಿ ತೇವ ತೆಗೆಯುತ್ತಾರೆ. ಇಲ್ಲವಾದರೆ ಮುಂದೆ ಮರ ಸೀಳುತ್ತದೆ. ಇಡೀ ಗೊಂಬೆಯನ್ನು ಒಂದೇ ತುಂಡಿನಲ್ಲಿ ಕೆತ್ತುವ ರೂಢಿ ಇಲ್ಲ. ಮುಂಡ, ತಲೆ, ಕೈ, ಕೊಡ ಎಲ್ಲವನ್ನೂ ಬೇರೆಬೇರೆ ಮಾಡಿ ‘ಮಕ್ಕು’ವಿನಿಂದ ಕೂಡಿಸುತ್ತಾರೆ. ಮಕ್ಕು ಎಂದರೆ ಹುಣಸೆಬೀಜದ ಪುಡಿಯ ಅಂಟಿಗೆ ಮರದ ಹೊಟ್ಟು ಕಲಸಿದ ಮುದ್ದೆ. ಕೂಡಿಸಿದ ಸಂದು ಮುಚ್ಚುವುದು, ಮೂಗು ತಿದ್ದುವುದು, ಸೀರೆಯ ನೆರಿಗೆ ಎಬ್ಬಿಸುವುದು ಇದರಿಂದಲೇ. ಒಣಗಿದ ಮೇಲೆ ಉಜ್ಜಿ, ಸುಣ್ಣ ಬಳಿದು, ಮೇಕೆಯ ಕೂದಲಿನ ಕುಂಚದಿಂದ ಬಣ್ಣ ಹಾಕುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ರೀತಿಯೂ ಇದಕ್ಕೆ ಹತ್ತಿರದ್ದೇ. ಅಲ್ಲಿಯೂ ಹಗುರವಾದ ಮರ, ಅಲ್ಲಿಯೂ ಹುಣಸೆಬೀಜದ ಅಂಟು. ಹೊಟ್ಟಿನ ಬದಲು ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿನಾರು. ಅದಕ್ಕೆ ಅವರು ‘ಕಿಟ್ಟ’ ಎನ್ನುತ್ತಾರೆ.

ಬಿಡಿಭಾಗಗಳನ್ನು ಅಂಟಿಸುವ ಈ ಪದ್ಧತಿಯಿಂದಲೇ ಕೊಂಡಪಲ್ಲಿಗೆ ಭೂದೃಶ್ಯ ಸುಲಭವಾಯಿತು. ತಿರುಗುವ ಯಂತ್ರದಲ್ಲಿ ಕಡೆದರೆ ದುಂಡನೆಯ ಆಕಾರ ಮಾತ್ರ ಬರುತ್ತದೆ. ಬಾಗಿದ ಸೊಂಟ, ಮೇಲೆತ್ತಿದ ಕೈ, ಹರಡಿದ ಗರಿ ಬರುವುದಿಲ್ಲ. ವಿಶಾಖಪಟ್ಟಣದ ದಕ್ಷಿಣಕ್ಕೆ, ವರಾಹ ನದಿಯ ದಡದ ಏಟಿಕೊಪ್ಪಾಕದಲ್ಲಿ ಇರುವುದು ಈ ಎರಡನೇ ಬಗೆ. ಅಲ್ಲಿಯ ಅಂಕುಡು ಮರವೇ ಚನ್ನಪಟ್ಟಣದವರ ಹಾಲೆ ಮರ. ಲೇತ್‌ನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಬೊಗರಿ, ಬಟ್ಟಲು, ಕುಂಕುಮದ ಭರಣಿ ಇವರ ಹಳೆಯ ಸರಕು. ರೈಲೂ ಇವರಿಗೆ ಒಗ್ಗುವ ವಸ್ತುವೇ: ಬಾಯ್ಲರ್, ಚಿಮಣಿ, ಗಾಲಿ ಎಲ್ಲವೂ ದುಂಡು. ಹೀಗಾಗಿ ಒಂದೇ ಕರಾವಳಿಯ ಎರಡು ಊರುಗಳಲ್ಲಿ ಒಂದು ಓಡುವ ವಸ್ತುಗಳನ್ನೂ ಇನ್ನೊಂದು ಅವು ಓಡುವ ನೆಲದ ಜನರನ್ನೂ ಮಾಡುತ್ತ ಬಂದವು ಎನ್ನಬಹುದು.

ನಿಜವಾದ ರೈಲು ಈ ಎರಡೂ ಕಡೆ ಬಹುಮಟ್ಟಿಗೆ ಒಂದೇ ಹೊತ್ತಿನಲ್ಲಿ ಬಂತು. ನಿಜಾಮರ ರೈಲ್ವೆ 1889ರಲ್ಲಿ ಬೆಜವಾಡ, ಎಂದರೆ ಇಂದಿನ ವಿಜಯವಾಡ, ಮುಟ್ಟಿತು. ಕೊಂಡಪಲ್ಲಿ ನಿಲ್ದಾಣ ಇರುವುದು ಅದೇ ದಾರಿಯಲ್ಲಿ. 1893ರಲ್ಲಿ ಪೂರ್ವ ಕರಾವಳಿ ರೈಲುದಾರಿ ಬೆಜವಾಡದಿಂದ ವಿಶಾಖಪಟ್ಟಣದ ವಾಲ್ಟೇರಿಗೆ ತೆರೆಯಿತು. ಏಟಿಕೊಪ್ಪಾಕಕ್ಕೆ ಇಳಿಯಬೇಕಾದ ನರಸೀಪಟ್ಟಣಂ ರೋಡ್ ನಿಲ್ದಾಣ ಈ ಹಾದಿಯದು.

ಈ ಗೊಂಬೆಗಳು ಹೋಗಿ ಸೇರುತ್ತಿದ್ದುದು ಕೊಲುವಿಗೆ, ಎಂದರೆ ಹಬ್ಬದಲ್ಲಿ ಮನೆಯೊಳಗೆ ಮೆಟ್ಟಿಲ ಮೇಲೆ ಗೊಂಬೆ ಕೂರಿಸುವ ಆಚರಣೆಗೆ. ಭೀಮುನಿಪಟ್ಟಣದಿಂದ ವಿಜಯವಾಡದವರೆಗಿನ ಕರಾವಳಿಯಲ್ಲಿ ‘ಬೊಮ್ಮಲ ಕೊಲುವು’ ಹೆಚ್ಚಾಗಿ ಸಂಕ್ರಾಂತಿಯದು, ದಸರೆಯಲ್ಲೂ ಇಡುವವರುಂಟು. ಹಳೆಯ ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವುದು ನವರಾತ್ರಿಯಲ್ಲೇ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ ಮೇಲೆ ಆ ಹಬ್ಬಕ್ಕೆ ಅರಮನೆಯ ಆಸರೆ ದೊರೆಯಿತು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯಲ್ಲಿ ಗೊಂಬೆಗಳಿಗೆಂದೇ ‘ಗೊಂಬೆ ತೊಟ್ಟಿ’ ಇದೆ. ಮನೆಗಳಲ್ಲಿ ಬಿಳಿಬಟ್ಟೆ ಹಾಸಿದ ಮೂರು, ಐದು, ಏಳು ಅಥವಾ ಒಂಬತ್ತು ಮೆಟ್ಟಿಲು. ಮೇಲೆ ರಾಜ-ರಾಣಿಯರ ಪಟ್ಟದ ಗೊಂಬೆ, ನಡುವೆ ದೇವರುಗಳು, ಕೆಳಗೆ ಅಕ್ಕಿ-ಬೇಳೆ ಹರಡಿಕೊಂಡ ಶೆಟ್ಟಿ-ಶೆಟ್ಟಿತಿ. ಮೆಟ್ಟಿಲುಗಳ ಕ್ರಮ ಬಹುಮಟ್ಟಿಗೆ ಗೊತ್ತುಪಡಿಸಿದ್ದು, ಬದಲಾಯಿಸುವುದಕ್ಕೆ ಹೆಚ್ಚು ಅವಕಾಶವಿಲ್ಲ.

ಅವಕಾಶ ಇದ್ದದ್ದು ಮೆಟ್ಟಿಲ ಪಕ್ಕದ ನೆಲದಲ್ಲಿ, ಮನೆಮಂದಿ ‘ಪಾರ್ಕು’ ಎಂದು ಕರೆಯುವ ಜಾಗದಲ್ಲಿ. ಹಬ್ಬಕ್ಕೆ ಕೆಲವು ದಿನ ಮೊದಲೇ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ರಾಗಿ, ಸಾಸಿವೆ ಅಥವಾ ಮೆಂತ್ಯ ಚೆಲ್ಲಿ ನೀರು ಚಿಮುಕಿಸುತ್ತಾರೆ. ರಾಗಿಯ ಮೊಳಕೆ ಸಣ್ಣಗೆ, ಒತ್ತಾಗಿ ಬರುವುದರಿಂದ ಗದ್ದೆಯ ಸಸಿಮಡಿಯಂತೆಯೇ ಕಾಣುತ್ತದೆ. ಸಾಸಿವೆಯ ಎರಡೆಲೆ ಹುಲ್ಲಿಗೆ ಅಗಲವಾದರೂ ಪೊದೆಗೆ ಸರಿಹೋಗುತ್ತದೆ. ಹಳೆಯ ಕನ್ನಡಿಯ ಅಂಚನ್ನು ಮರಳಿನಲ್ಲಿ ಮುಚ್ಚಿದರೆ ಕೊಳ. ಕಲ್ಲುಗಳ ಮೇಲೆ ಮಣ್ಣು ಮೆತ್ತಿದ ಗೋಣಿ ಹೊದಿಸಿದರೆ ಬೆಟ್ಟ, ಮಳೆಗಾಲದ ಗೋಡೆಯಿಂದ ಕಿತ್ತ ಪಾಚಿ ಅದರ ಹಸಿರು. ಮರದ ಹೊಟ್ಟಿಗೆ ಬಣ್ಣ ಹಾಕಿ ರಸ್ತೆ, ಹೂದೋಟ. ಇವುಗಳ ನಡುವೆ ಕೊಂಡಪಲ್ಲಿಯ ಹಳ್ಳಿಗರು, ಚನ್ನಪಟ್ಟಣದ ಗಾಡಿ, ಸುತ್ತಲೂ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು.

ಯುರೋಪಿನ ಹವ್ಯಾಸದ ಹಾದಿ ಬೇರೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಸಿಗ್ ಜಾತ್ರೆಗೆ ಹಳಿಯ ಅಳತೆ ಗೊತ್ತುಮಾಡಿದ ರೈಲುಗಳನ್ನು ತಂದಿತು. ಇಂಗ್ಲೆಂಡಿನಲ್ಲಿ ಹಾರ್ನ್‌ಬಿ ರೈಲುಗಳು 1920ರಲ್ಲಿ ಬಂದವು. ಮೊದಮೊದಲು ಎಲ್ಲರ ಕಣ್ಣೂ ಎಂಜಿನ್ನಿನ ಮೇಲೆ; ಸುತ್ತಲಿನ ನೆಲಕ್ಕೆ ಹಸಿರು ಬಣ್ಣ ಬಳಿದ ಹಲಗೆ ಸಾಕಾಗುತ್ತಿತ್ತು. ಈ ದೃಷ್ಟಿ ಬದಲಿಸಿದವರಲ್ಲಿ ಜಾನ್ ಅಹರ್ನ್ ಮುಖ್ಯ. 1930ರ ದಶಕದ ಕೊನೆಯಲ್ಲಿ ಕಟ್ಟತೊಡಗಿದ ‘ಮ್ಯಾಡರ್ ವ್ಯಾಲಿ’ ಎಂಬ ಮಾದರಿ ರೈಲುದಾರಿಯಲ್ಲಿ ಆತ ಬೀದಿ, ಹೊಳೆ, ಬಂದರುಗಳಿಗೆ ರೈಲಿನಷ್ಟೇ ಗಮನ ಕೊಟ್ಟ, 1951ರಲ್ಲಿ ಪುಟ್ಟ ಭೂದೃಶ್ಯ ರಚನೆಯ ಬಗ್ಗೆಯೇ ಪುಸ್ತಕ ಬರೆದ. ಆ ಕಾಲದ ಹವ್ಯಾಸಿಗಳ ಸಾಮಗ್ರಿ ನೋಡಿದರೆ ಮೈಸೂರಿನ ಮನೆಯೊಂದರ ಹಬ್ಬದ ಪಟ್ಟಿಯೇ: ಬಣ್ಣ ಹಾಕಿದ ಮರದ ಹೊಟ್ಟು, ಒಣಗಿಸಿದ ಕಲ್ಲುಹೂವು, ತಂತಿಬಲೆಯ ಮೇಲೆ ಪ್ಲಾಸ್ಟರ್ ಹಚ್ಚಿದ ಗುಡ್ಡ.

ಸಾಮಗ್ರಿ ಒಂದೇ ಆದರೂ ‘ನಿಜದಂತೆ’ ಎಂಬುದಕ್ಕೆ ಎರಡೂ ಕಡೆ ಒಂದೇ ಅರ್ಥವಿರಲಿಲ್ಲ. ಮಾದರಿ ರೈಲಿಗೆ ಅಳತೆಯೇ ಪ್ರಾಣ. ಎಚ್‌ಓ ಎಂಬ ಅಳತೆಯಲ್ಲಿ ಪ್ರತಿಯೊಂದು ವಸ್ತುವೂ ಮೂಲದ 87ರಲ್ಲಿ ಒಂದು ಪಾಲು. ಬಾಗಿಲು ಮನುಷ್ಯನಿಗಿಂತ ಗಿಡ್ಡವಾದರೆ ಎಲ್ಲವೂ ಕೆಟ್ಟಿತು. ಕೊಂಡಪಲ್ಲಿಯ ತಾಳೆಮರ ಅದನ್ನು ಹತ್ತುವವನಿಗಿಂತ ಅಷ್ಟೇನೂ ಎತ್ತರವಿಲ್ಲ. ಪಕ್ಕದ ಮೆಟ್ಟಿಲ ಕೃಷ್ಣ ಆನೆಗಿಂತ ದೊಡ್ಡವನಾದರೂ ಯಾರೂ ಆಕ್ಷೇಪಿಸುವುದಿಲ್ಲ. ಇಲ್ಲಿ ನಿಜವನ್ನು ಹಿಡಿದಿರುವುದು ಭಂಗಿಯಲ್ಲಿ. ಕೊಡ ಹೊತ್ತವಳ ಕತ್ತು, ನೇಗಿಲಿನ ಮೇಲೆ ಭಾರ ಹಾಕಿದವನ ಬೆನ್ನು ಆಯಾ ಕೆಲಸವನ್ನು ದಿನವೂ ನೋಡಿದವರು ಮಾತ್ರ ತಿದ್ದಬಲ್ಲಂಥವು. ಅಳತೆಗೋಲಿನಿಂದ ಬರುವ ನಿಖರತೆಗೆ ಇದು ಕಡಿಮೆಯೆಂದು ಹೇಳುವುದು ಕಷ್ಟ. ಕಾರ್ಖಾನೆಯಿಂದ ಬರುವ ಅಳತೆಬದ್ಧ ಪ್ರಯಾಣಿಕರು ಪ್ಲಾಟ್‌ಫಾರಂನಲ್ಲಿ ಸುಮ್ಮನೆ ನಿಂತಿರುತ್ತಾರೆ.

ಭಾರತದಲ್ಲಿ ಮಾದರಿ ರೈಲಿನ ಹವ್ಯಾಸ ಕೆಲವರಿಗಷ್ಟೇ ಸೀಮಿತವಾಗಿ ಉಳಿಯಿತು, ವಿದೇಶಿ ಸಾಮಾನಿನ ಬೆಲೆ ಅದಕ್ಕೊಂದು ಕಾರಣ. ಸಾರ್ವಜನಿಕರು ನೋಡುವಂಥದ್ದು ಪುಣೆಯಲ್ಲಿ 1998ರಲ್ಲಿ ತೆರೆದ ಜೋಷಿ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯ. ಗೊಂಬೆಗಳ ಕಸುಬಿಗೂ ಇತ್ತೀಚಿನ ದಶಕಗಳು ಸುಲಭವಾಗಿರಲಿಲ್ಲ. ಪೊನಿಕಿ ಮರ ಅಪರೂಪವಾಯಿತು, ಗಿಡದ ಬಣ್ಣಗಳ ಜಾಗಕ್ಕೆ ಎನಾಮಲ್ ಬಂತು, ಆಮದಿನ ಪ್ಲಾಸ್ಟಿಕ್ ಆಟಿಕೆಗಳು ಅಂಗಡಿ ತುಂಬಿದವು. ಚನ್ನಪಟ್ಟಣದ ಆಟಿಕೆಗಳ ಹಿಂದೆಯೇ ಕೊಂಡಪಲ್ಲಿ ಗೊಂಬೆಗಳಿಗೂ, 2017ರಲ್ಲಿ ಏಟಿಕೊಪ್ಪಾಕದವಕ್ಕೂ ಭೌಗೋಳಿಕ ಗುರುತು ದೊರೆಯಿತು. ಏಟಿಕೊಪ್ಪಾಕದಲ್ಲಿ ಬೀಜ, ತೊಗಟೆ, ಬೇರು, ಎಲೆಗಳ ಬಣ್ಣವನ್ನು ಮತ್ತೆ ಬಳಕೆಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಪಾರ್ಕಿನ ನೆಲ ಈಗ ಅನೇಕ ಮನೆಗಳಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚಾಪೆ. ರಾಗಿ ಬಿತ್ತುವವರು ದಿನ ಲೆಕ್ಕ ಹಾಕಿ ಬಿತ್ತಬೇಕು; ಬೇಗ ಬಿತ್ತಿದರೆ ವಿಜಯದಶಮಿಯ ಹೊತ್ತಿಗೆ ಪೈರು ಗೊಂಬೆಗಳ ಸೊಂಟ ದಾಟಿ ಬಾಗಿಬಿಡುತ್ತದೆ. ಕೊಂಡಪಲ್ಲಿಯ ಗೊಂಬೆಗಳನ್ನು ಆ ಒದ್ದೆ ಮಣ್ಣಿಗೆ ನೇರವಾಗಿ ಊರದೆ ಕೆಳಗೊಂದು ಹಲಗೆಯ ಚೂರು ಇಡುವುದು ಒಳ್ಳೆಯದು, ಏಕೆಂದರೆ ಹುಣಸೆಬೀಜದ ಅಂಟು ತೇವಕ್ಕೆ ಸಡಿಲಗೊಳ್ಳುತ್ತದೆ.