ಎರಡು ವಿಮಾನ ಅಕ್ಕಪಕ್ಕ ಇಳಿದರೆ ಅಪಾಯವೇ? ನಿಜವಾದ ‘ಕೂದಲೆಳೆ ಅಂತರ’ ಹೇಗಿರುತ್ತದೆ?

ಎರಡು ದೊಡ್ಡ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಒಟ್ಟಿಗೆ ಇಳಿಯುತ್ತಿರುವ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ‘ಸ್ವಲ್ಪದರಲ್ಲೇ ತಪ್ಪಿದ ಭಾರೀ ದುರಂತ’ ಎಂಬ ಒಕ್ಕಣೆ ಜೊತೆಗಿರುತ್ತದೆ. ಇಂಥ ಹಲವು ವಿಡಿಯೋಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದವು. ಅವುಗಳಲ್ಲಿ ಕಾಣುವುದು ಸಾಮಾನ್ಯವಾಗಿ ಅಪಾಯವಲ್ಲ. ಆದರೆ ಅದೇ ನಿಲ್ದಾಣದಲ್ಲಿ 2017ರಲ್ಲಿ ಸಾವಿರಕ್ಕೂ ಹೆಚ್ಚು ಜನ ನಿಜಕ್ಕೂ ಕೂದಲೆಳೆ ಅಂತರದಲ್ಲಿ ಪಾರಾದರು. ಎರಡಕ್ಕೂ ಇರುವ ವ್ಯತ್ಯಾಸವೇನು ಎಂದು ನೋಡೋಣ.

ವಿಡಿಯೋದಲ್ಲಿ ಕಾಣುವುದು ಏನು?

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 28 ಎಡ ಮತ್ತು 28 ಬಲ ಎಂಬ ಎರಡು ರನ್‌ವೇಗಳು ಸಮಾನಾಂತರವಾಗಿವೆ. ಅವುಗಳ ನಡುಗೆರೆಗಳ ನಡುವಿನ ಅಂತರ 750 ಅಡಿ, ಅಂದರೆ ಸುಮಾರು 229 ಮೀಟರ್. ಏರ್‌ಬಸ್ ಎ320 ವಿಮಾನದ ಎರಡೂ ರೆಕ್ಕೆ ಸೇರಿ ಅಗಲ ಸುಮಾರು 35 ಮೀಟರ್. ಅಂಥ ಆರು ವಿಮಾನಗಳನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ ಮಧ್ಯೆ ಇದೆ.

ದೂರದಿಂದ ಜೂಮ್ ಮಾಡಿ ಚಿತ್ರೀಕರಿಸಿದಾಗ ಹಿಂದೆ-ಮುಂದೆ ಇರುವ ವಸ್ತುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಆಕಾಶ ತಿಳಿಯಾಗಿದ್ದಾಗ ಪಕ್ಕದ ವಿಮಾನ ಕಣ್ಣಿಗೆ ಕಾಣುತ್ತಿದೆ ಎಂದು ಪೈಲಟ್ ಖಚಿತಪಡಿಸಿದ ಮೇಲೆಯೇ ಹೀಗೆ ಜೋಡಿಯಾಗಿ ಇಳಿಸುತ್ತಾ ಬಂದಿದ್ದಾರೆ. ಅಂದರೆ ಯಾರು ಎಲ್ಲಿದ್ದಾರೆ ಎಂಬುದು ಇಬ್ಬರು ಪೈಲಟ್‌ಗಳಿಗೂ, ಕಂಟ್ರೋಲ್ ಟವರ್‌ಗೂ ಗೊತ್ತಿರುತ್ತದೆ.

2017ರ ಜುಲೈ 7ರ ರಾತ್ರಿ ಏನಾಯಿತು?

ಟೊರೊಂಟೊದಿಂದ 140 ಜನರನ್ನು ಹೊತ್ತು ಬಂದ ಏರ್ ಕೆನಡಾದ ಎ320 ವಿಮಾನ ರಾತ್ರಿ 11.56ರ ಹೊತ್ತಿಗೆ 28 ಬಲ ರನ್‌ವೇಯಲ್ಲಿ ಇಳಿಯಬೇಕಿತ್ತು. ಅದರ ಪಕ್ಕದ 28 ಎಡ ರನ್‌ವೇಯನ್ನು ಕಾಮಗಾರಿಗಾಗಿ ಮುಚ್ಚಿ, ದೀಪ ಆರಿಸಲಾಗಿತ್ತು.

ಪೈಲಟ್‌ಗಳು ಮಾತ್ರ ಎರಡು ರನ್‌ವೇಗಳ ದೀಪ ಕಾಣುತ್ತದೆ ಎಂದುಕೊಂಡಿದ್ದರು. ಹಾಗಾಗಿ ದೀಪ ಉರಿಯುತ್ತಿದ್ದ 28 ಬಲವನ್ನೇ 28 ಎಡ ಎಂದು ತಿಳಿದರು. ಅದರ ಬಲಕ್ಕಿದ್ದ ಟ್ಯಾಕ್ಸಿವೇಯನ್ನು ತಾವು ಇಳಿಯಬೇಕಾದ ರನ್‌ವೇ ಎಂದುಕೊಂಡರು. ಟ್ಯಾಕ್ಸಿವೇ ಎಂದರೆ ವಿಮಾನಗಳು ರನ್‌ವೇಗೆ ಹೋಗಿ ಬರುವ ದಾರಿ. ಆ ಹೊತ್ತಿನಲ್ಲಿ ಅಲ್ಲಿ ಪ್ರಯಾಣಿಕರು ಮತ್ತು ಇಂಧನ ತುಂಬಿದ ನಾಲ್ಕು ವಿಮಾನಗಳು ಹಾರಲು ಸರದಿಯಲ್ಲಿ ನಿಂತಿದ್ದವು.

ಮುಂದೆ ದೀಪಗಳು ಕಂಡು ಅನುಮಾನಗೊಂಡ ಪೈಲಟ್ ಟವರನ್ನು ಕೇಳಿದರು. ರನ್‌ವೇಯಲ್ಲಿ ನಿಮ್ಮನ್ನು ಬಿಟ್ಟು ಯಾರೂ ಇಲ್ಲ ಎಂಬ ಉತ್ತರ ಬಂತು. ಉತ್ತರ ಸರಿಯೇ ಇತ್ತು, ರನ್‌ವೇ ಖಾಲಿಯೇ ಇತ್ತು. ಆದರೆ ವಿಮಾನ ಬರುತ್ತಿದ್ದುದು ರನ್‌ವೇ ಕಡೆಗಲ್ಲ.

ಸರದಿಯ ಮೊದಲ ವಿಮಾನದ ಪೈಲಟ್, ಈ ವಿಮಾನ ಟ್ಯಾಕ್ಸಿವೇ ಮೇಲೆ ಬರುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದರು. ಎರಡನೇ ವಿಮಾನದವರು ತಮ್ಮ ದೀಪಗಳನ್ನು ಬೆಳಗಿಸಿದರು. ಮೇಲಕ್ಕೇರಿ ಎಂದು ಟವರ್ ಆದೇಶಿಸುವ ಮೊದಲೇ ಏರ್ ಕೆನಡಾ ಪೈಲಟ್‌ಗಳು ವಿಮಾನವನ್ನು ಮೇಲಕ್ಕೆತ್ತಲು ಶುರುಮಾಡಿದ್ದರು. ಅಷ್ಟರಲ್ಲಿ ಅದು ನೆಲದಿಂದ ಸುಮಾರು 60 ಅಡಿಗೆ, ಅಂದರೆ ಐದಾರು ಮಹಡಿಯ ಕಟ್ಟಡದ ಎತ್ತರಕ್ಕೆ ಇಳಿದುಬಿಟ್ಟಿತ್ತು.

ಡಿಕ್ಕಿ ತಪ್ಪಿಸುವ ಯಂತ್ರ ಇರಲಿಲ್ಲವೇ?

ಇತ್ತು. ‘ಟಿಸಿಎಎಸ್’ ಎಂಬ ಈ ಉಪಕರಣ ಹಾರುತ್ತಿರುವ ವಿಮಾನಗಳು ಹತ್ತಿರವಾದಾಗ ಒಬ್ಬ ಪೈಲಟ್‌ಗೆ ಮೇಲೇರಲು, ಇನ್ನೊಬ್ಬರಿಗೆ ಕೆಳಗಿಳಿಯಲು ಹೇಳುತ್ತದೆ. 1996ರ ನವೆಂಬರ್ 12ರಂದು ದೆಹಲಿಗೆ ಇಳಿಯಲು ಬರುತ್ತಿದ್ದ ಕಝಾಕಿಸ್ತಾನದ ವಿಮಾನ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನಕ್ಕೆ ಡಿಕ್ಕಿಯಾಗಿ 349 ಜನ ಸತ್ತರು. ಅದಾದ ಮೇಲೆ ಭಾರತ ಇಂಥ ಉಪಕರಣವನ್ನು ಕಡ್ಡಾಯ ಮಾಡಿತು.

ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಟಿಸಿಎಎಸ್ ಏರಿ, ಇಳಿಯಿರಿ ಎಂಬ ಆದೇಶ ಕೊಡುವುದಿಲ್ಲ. ನೆಲದ ಮೇಲೆ ನಿಂತ ವಿಮಾನಗಳ ಬಗ್ಗೆಯೂ ಅದು ಎಚ್ಚರಿಸುವುದಿಲ್ಲ. ‘ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ’ ಎಂಬ ಮಾತು ಇಳಿಯುವ ಕೊನೆಯ ಹಂತಕ್ಕೆ ಹೊಂದುವುದಿಲ್ಲ.

ತಪ್ಪು ಎಲ್ಲಿತ್ತು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹಲವು ಸಣ್ಣ ಲೋಪಗಳು ಸರಪಳಿಯಂತೆ ಕಂಡುಬಂದವು. ರನ್‌ವೇ ಮುಚ್ಚಿರುವ ಸೂಚನೆ ಪೈಲಟ್‌ಗಳಿಗೆ ಕೊಟ್ಟ 27 ಪುಟಗಳ ಕಡತದ 8ನೇ ಪುಟದಲ್ಲಿತ್ತು. ರನ್‌ವೇಯ ನೇರಕ್ಕೆ ದಾರಿ ತೋರುವ ರೇಡಿಯೋ ಸಂಕೇತದ ಫ್ರೀಕ್ವೆನ್ಸಿಯನ್ನು ಅವರು ಹೊಂದಿಸಿರಲಿಲ್ಲ. ಟೊರೊಂಟೊ ಗಡಿಯಾರದಲ್ಲಿ ಆಗ ನಸುಕಿನ ಸುಮಾರು 3 ಗಂಟೆ, ಪೈಲಟ್‌ಗಳು ದಣಿದಿದ್ದರು. ಟವರ್‌ನಲ್ಲಿ ಆಗ ಕೆಲಸ ಮಾಡುತ್ತಿದ್ದವರು ಒಬ್ಬರೇ ಕಂಟ್ರೋಲರ್. ವಿಮಾನ ಟ್ಯಾಕ್ಸಿವೇಗೆ ಇಳಿಯುತ್ತಿದೆ ಎಂದು ಟವರ್‌ಗೆ ಎಚ್ಚರಿಸುವ ವ್ಯವಸ್ಥೆಯೂ ಇರಲಿಲ್ಲ. ಅಂಥ ವ್ಯವಸ್ಥೆ ಬೇಕು ಎಂದು ಮಂಡಳಿ ಶಿಫಾರಸು ಮಾಡಿತು.

ನಾವು ನೆನಪಿಡಬೇಕಾದದ್ದು

ಎರಡು ವಿಮಾನ ಹತ್ತಿರ ಕಂಡ ಮಾತ್ರಕ್ಕೆ ಅಪಾಯವಲ್ಲ. ಒಂದು ವಿಮಾನ ತಾನಿರಬೇಕಾದ ಜಾಗದಲ್ಲಿ ಇಲ್ಲದಿರುವುದು, ಅದು ಯಾರ ಗಮನಕ್ಕೂ ಬಾರದಿರುವುದು ಅಪಾಯ. ವಿಡಿಯೋ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ನಿಲ್ದಾಣ? ಅಲ್ಲಿ ಸಮಾನಾಂತರ ರನ್‌ವೇ ಇದೆಯೇ? ದಿನಾಂಕ, ವಿಮಾನದ ಸಂಖ್ಯೆ ಕೊಟ್ಟಿದ್ದಾರೆಯೇ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.

ಇನ್ನೊಂದು ಮಾತು. ನೀವು ಕುಳಿತ ವಿಮಾನ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಜೋರು ಸದ್ದು ಮಾಡಿ ಮತ್ತೆ ಮೇಲೇರಿದರೆ ಗಾಬರಿಯಾಗಬೇಡಿ. ಇದನ್ನು ‘ಗೋ ಅರೌಂಡ್’ ಎನ್ನುತ್ತಾರೆ. ಪ್ರತಿ ಪೈಲಟ್‌ಗೂ ಇದರ ತರಬೇತಿ ಇರುತ್ತದೆ. ಆ ರಾತ್ರಿ ಐದು ವಿಮಾನಗಳ ಜನರನ್ನು ಉಳಿಸಿದ್ದೂ ಇದೇ.