ಹಾಲು ಕಾದಿದೆಯೋ ಇಲ್ಲವೋ...

ರಟ್ಟೀಹಳ್ಳಿಯ ನಮ್ಮ ಮನೆಯಲ್ಲಿ ಮೂರು ಸಲ ಉಕ್ಕದ ಹಾಲು ಯಾರ ಲೋಟಕ್ಕೂ ಬರುತ್ತಿರಲಿಲ್ಲ. ಕಾಕಾ ಮಾತ್ರ ಕೊಟ್ಟಿಗೆಯಲ್ಲೇ ನೊರೆಹಾಲು ಕುಡಿದು ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಬಂದ ಜ್ವರ ತಿಂಗಳುಗಟ್ಟಲೆ ಬಿಡಲಿಲ್ಲ. ಕೊನೆಗೆ ರಕ್ತಪರೀಕ್ಷೆಯಲ್ಲಿ ಬ್ರುಸೆಲ್ಲಾ ಅಂತ ಗೊತ್ತಾಯಿತು. "ಕಾಸಿ ಕುಡಿ ಅಂತ ನಾ ಹೇಳಿದ್ದಿಲ್ಲೇನು?" ಅಂತ ಅಜ್ಜಿ ಬೈದದ್ದು ಇನ್ನೂ ಕಿವಿಯಲ್ಲಿದೆ.

ಅಜ್ಜಿಗೆ ಹಾಲು ಉಕ್ಕುವುದು ಕಣ್ಣಿಗೆ ಕಾಣುತ್ತಿತ್ತು. ಡೇರಿಯಲ್ಲಿ ಹಾಲನ್ನು ಉಕ್ಕಿಸುವುದಿಲ್ಲ, 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೆ ಆಯಿತು. ಅದು ಸರಿಯಾಗಿ ಕಾದಿದೆ ಅಂತ ನಂಬುವುದು ಹೇಗೆ ಹೇಳಿ? ಇಂಗ್ಲೆಂಡಿನ ಕೇ ಮತ್ತು ಗ್ರಹಾಂ 1935ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಲು ಇಷ್ಟ. ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಸಹಜವಾಗಿಯೇ ಇರುತ್ತದೆ. ಕ್ಷಯದ ರೋಗಾಣು ಸಾಯಲು ಬೇಕಾದ ಕಾವಿಗಿಂತ ತುಸು ಹೆಚ್ಚೇ ಕಾವು ಬೇಕು ಇದು ಕೆಡಲು. ಅಂದರೆ ಕಿಣ್ವ ಕೆಟ್ಟಿದ್ದರೆ ರೋಗಾಣುವೂ ಸತ್ತಿದೆ. ಉಳಿದಿದ್ದರೆ ಅದು ಫಿನೈಲ್ ಫಾಸ್ಫೇಟನ್ನು ಒಡೆದು ಫೀನಾಲ್ ಬಿಡುತ್ತದೆ, ಕಾರಕ ಹಾಕಿದೊಡನೆ ನೀಲಿ! 1949ರಲ್ಲಿ ಆಶಾಫೆನ್‌ಬರ್ಗ್ ಮತ್ತು ಮುಲೆನ್ ಇದನ್ನು ಹಳದಿ ಬಣ್ಣದ ಸರಳ ಪರೀಕ್ಷೆಯಾಗಿಸಿದರು.

ಈಗ ಈ ಕತೆಗೆ ಚಿನ್ನ ಬಂದಿದೆ. 2009ರಲ್ಲಿ ಸಿಂಗಪುರದ ಶೀ, ಝೆಂಗ್ ಮತ್ತು ಯಿಂಗ್ ದನದ ರಕ್ತದ ಆಲ್ಬುಮಿನ್ ಪ್ರೋಟೀನಿನೊಳಗೆ ಸುಮಾರು 25 ಚಿನ್ನದ ಪರಮಾಣುಗಳ ಗೊಂಚಲು ಬೆಳೆಸಿದರು. ಅತಿನೇರಳೆ ಬೆಳಕು ಬಿದ್ದರೆ ಅದು ಕೆಂಪಗೆ ಹೊಳೆಯುತ್ತದೆ. ಚಿನ್ನ ಅಷ್ಟು ಸಣ್ಣದಾದಾಗ ಲೋಹದ ಗುಣ ಬಿಟ್ಟು ಅಣುವಿನಂತೆ ವರ್ತಿಸುತ್ತದೆ. ಇದಕ್ಕೆ ತಾಮ್ರದ ಅಯಾನು ಸೇರಿಸಿದರೆ ಬೆಳಕು ಮಂಕಾಗುತ್ತದೆ. ಪೈರೋಫಾಸ್ಫೇಟ್ ಹಾಕಿದರೆ ಅದು ತಾಮ್ರವನ್ನು ಹಿಡಿದುಕೊಂಡು ಬೆಳಕು ಮರಳುತ್ತದೆ. ನಮ್ಮ ಫಾಸ್ಫಟೇಸ್ ಅಲ್ಲಿದ್ದರೆ? ಪೈರೋಫಾಸ್ಫೇಟನ್ನೇ ಕಡಿದುಹಾಕುತ್ತದೆ, ತಾಮ್ರ ಬಿಡುಗಡೆಯಾಗುತ್ತದೆ, ಬೆಳಕು ಮತ್ತೆ ಮಂಕು. ಎಷ್ಟು ಮಂಕಾಯಿತೋ ಅಷ್ಟು ಕಿಣ್ವ ಅಂತ ಲೆಕ್ಕ. ದನದ ರಕ್ತದ ಪ್ರೋಟೀನೇ ದನದ ಹಾಲಿಗೆ ಸಾಕ್ಷಿ ಹೇಳುವುದು ತಮಾಷೆಯಲ್ಲವೇ?

ಆದರೆ ಹಾಲಿನ ಬಿಳುಪು ಬೆಳಕನ್ನು ಚದುರಿಸುತ್ತದೆ, ಅದರ ಪ್ರೋಟೀನುಗಳೂ ತಾಮ್ರವನ್ನು ಹಿಡಿಯುತ್ತವೆ. ಶುದ್ಧ ದ್ರಾವಣದಲ್ಲಿ ಸಿಕ್ಕ ಸೊಗಸು ಹಾಲಿನ ಕ್ಯಾನಿಗೆ ಬಂದಾಗ ಉಳಿಯುವುದು ಕಷ್ಟ. ಹಳದಿಯ ಪರೀಕ್ಷೆಯನ್ನು ಇಷ್ಟು ಬೇಗ ಅಟ್ಟಕ್ಕೆ ಹಾಕುವುದು ಬೇಡ ಅಂತ ನನ್ನ ಅನಿಸಿಕೆ.

ಕಾಕಾ ಈಗ ಪಾಕೀಟಿನ ಹಾಲನ್ನೂ ಮೂರು ಸಲ ಉಕ್ಕಿಸುತ್ತಾರೆ. ಅದರಲ್ಲಿ ಹುಡುಕಲು ಯಾವ ಕಿಣ್ವವೂ ಉಳಿದಿರಲಿಕ್ಕಿಲ್ಲ ಬಿಡಿ.