ಕಂಡೆನ್ಸೇಟ್ ಮರುಬಳಕೆ: ವಡೋದರಾ, ಅಹಮದಾಬಾದ್, ಸೂರತ್

ಉಗಿ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವ ಬಿಸಿನೀರಿಗೆ ಕಾರ್ಖಾನೆಗಳಲ್ಲಿ ಕಂಡೆನ್ಸೇಟ್ ಎನ್ನುತ್ತಾರೆ. 7 ಬಾರ್ ಒತ್ತಡದ ಉಗಿಯ ಒಟ್ಟು ಶಾಖದಲ್ಲಿ ಸುಮಾರು ಕಾಲುಭಾಗ ಈ ನೀರಿನಲ್ಲೇ ಇರುತ್ತದೆ. ಇದನ್ನು ಮರಳಿಸಿದ್ದರಿಂದ ಬಾಯ್ಲರ್‌ಗೆ ಊಡುವ ನೀರು 6 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಇಂಧನದಲ್ಲಿ ಹೆಚ್ಚುಕಡಿಮೆ ಶೇ. 1 ಉಳಿಯುತ್ತದೆ. ಅದಲ್ಲದೆ, ಕಂಡೆನ್ಸೇಟ್ ಲವಣಗಳಿಲ್ಲದ ನೀರು. ಗುಜರಾತಿನ ಗಡಸು ಅಂತರ್ಜಲವನ್ನು ಮೆದುಗೊಳಿಸಿ ಬಾಯ್ಲರ್‌ಗೆ ಬಿಡುವ ಕಡೆ ಈ ಗುಣದ ಬೆಲೆ ಶಾಖದ ಬೆಲೆಗಿಂತ ಕಡಿಮೆಯೇನಲ್ಲ.

ನೀರಿನ ಶುದ್ಧತೆಗಾಗಿಯೇ ಉಗಿಯನ್ನು ತಣಿಸಿ ಮರಳಿ ಬಳಸುವ ಪ್ರಯತ್ನ ಹಡಗುಗಳಲ್ಲಿ ನಡೆದಿತ್ತು. ಉಗಿಯನ್ನು ಸಮುದ್ರದ ನೀರಿನೊಂದಿಗೆ ಬೆರೆಸದೆ ತಣಿಸುವ ಕಂಡೆನ್ಸರ್‌ಗೆ ಸ್ಯಾಮ್ಯುಯಲ್ ಹಾಲ್ 1834ರಲ್ಲಿ ಪೇಟೆಂಟ್ ಪಡೆದ.

ನೆಲದ ಮೇಲಿನ ಕಾರ್ಖಾನೆಗಳಿಗೆ ಬಂದರೆ, ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್ ಸ್ಥಾಪಿಸಿದ ಮೊದಲ ಹತ್ತಿ ಗಿರಣಿ 1861ರಲ್ಲಿ ಆರಂಭವಾಯಿತು. ಅಂಥ ಗಿರಣಿಗಳಲ್ಲಿ ಉಗಿ ಎಂಜಿನ್ನನ್ನು ಓಡಿಸುವುದರ ಜೊತೆಗೆ ಗಂಜಿ ಹಾಕಿದ ನೂಲನ್ನೂ ಒಣಗಿಸುತ್ತಿತ್ತು. ಸೈಜಿಂಗ್ ಯಂತ್ರದ ಉರುಳೆಯೊಳಗೆ ಉಗಿ, ಹೊರಮೈ ಮೇಲೆ ನೂಲು. ಒಳಗೆ ನೀರು ನಿಂತರೆ ಉರುಳೆ ತಣ್ಣಗಾಗಿ ನೂಲು ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಕಂಡೆನ್ಸೇಟನ್ನು ಹೊರತೆಗೆಯುವುದು ಅನಿವಾರ್ಯ. ಅದನ್ನು ಬಾಯ್ಲರ್ ಮನೆಗೆ ಮರಳಿಸುವುದು ಮಾತ್ರ ಮಾಲೀಕರ ಆಯ್ಕೆ. 1947ರಲ್ಲಿ ವಿಕ್ರಂ ಸಾರಾಭಾಯಿ ಮುಂದಾಳತ್ವದಲ್ಲಿ ಹುಟ್ಟಿದ ಅಟಿರಾ ಜವಳಿ ಸಂಶೋಧನಾ ಸಂಸ್ಥೆ ಇಂಥ ಆಯ್ಕೆಗಳನ್ನು ಅಳತೆಯ ಮೇಲೆ ನಿರ್ಧರಿಸುವ ಪದ್ಧತಿಯನ್ನು ಗಿರಣಿಗಳಿಗೆ ತಂದಿತು.

ಈ ಚರಿತ್ರೆಯಲ್ಲಿ ಹೆಚ್ಚು ಕಲಿಸುವುದು ವಡೋದರಾ. 1907ರ ಅಲೆಂಬಿಕ್ ಔಷಧ ಕಾರ್ಖಾನೆಯ ನಂತರ, 1965ರಲ್ಲಿ ಕೋಯಲಿಯ ತೈಲ ಸಂಸ್ಕರಣಾಗಾರ, 1967ರಲ್ಲಿ ಜಿಎಸ್‌ಎಫ್‌ಸಿ ರಸಗೊಬ್ಬರ ಕಾರ್ಖಾನೆ ಕೆಲಸ ಶುರುಮಾಡಿದವು. 1969ರಲ್ಲಿ ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ ಸ್ಥಾಪನೆಯಾಯಿತು. ಗಿರಣಿಯಲ್ಲಿ ಒಂದೇ ಸೂರಿನಡಿ ಇದ್ದ ಉಗಿ ಇಂಥ ಸಂಕೀರ್ಣಗಳಲ್ಲಿ ಬಯಲಿನುದ್ದಕ್ಕೂ ಹರಿಯುತ್ತದೆ. ತಣಿದರೆ ಗಟ್ಟಿಯಾಗುವ ತೈಲದ ಕೊಳವೆಗಳನ್ನು ಬಿಸಿಯಾಗಿಡಲು ಅವುಗಳ ಪಕ್ಕದಲ್ಲೇ ಸಣ್ಣ ಉಗಿ ಕೊಳವೆಗಳು ಸಾಗುತ್ತವೆ. ಅವುಗಳ ತುದಿಗೆ ಸ್ಟೀಮ್ ಟ್ರ್ಯಾಪ್ ಬೇಕು: ನೀರನ್ನು ಬಿಟ್ಟು ಉಗಿಯನ್ನು ತಡೆಹಿಡಿಯುವ ಕವಾಟ. ತೆರೆದೇ ಸಿಕ್ಕಿಕೊಂಡ ಟ್ರ್ಯಾಪ್ ಹಗಲಿರುಳು ಉಗಿ ಸೋರಿಸುತ್ತದೆ. ಅನುಭವಿ ಫಿಟ್ಟರ್ ಸ್ಕ್ರೂಡ್ರೈವರಿನ ಮೊನೆಯನ್ನು ಟ್ರ್ಯಾಪಿಗೆ ತಾಗಿಸಿ ಹಿಡಿಕೆಗೆ ಕಿವಿಗೊಡುತ್ತಾನೆ. ಬಿಲ್ಲೆಯಿರುವ ಟ್ರ್ಯಾಪ್ ಬಿಟ್ಟುಬಿಟ್ಟು ಟಕ್ ಎಂದರೆ ಸರಿಯಿದೆ, ಒಂದೇ ಸಮನೆ ಬುಸುಗುಟ್ಟಿದರೆ ಕೆಟ್ಟಿದೆ. ತೈಲದೊಳಗೇ ಹಾದು ಅದನ್ನು ಬಿಸಿಮಾಡುವ ಉಗಿ ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೂ ತೈಲ ಕಂಡೆನ್ಸೇಟಿಗೆ ಸೇರಿ ಬಾಯ್ಲರನ್ನು ಹಾಳುಮಾಡಬಲ್ಲದು. ಹಾಗಾಗಿ ಮರಳುವ ನೀರನ್ನು ಪರೀಕ್ಷಿಸದೆ ಒಳಬಿಡುವಂತಿಲ್ಲ. ಹಾಗೆಂದು ಚರಂಡಿಗೆ ಬಿಟ್ಟರೆ ಅದನ್ನೂ ತ್ಯಾಜ್ಯವೆಂದು ಸಂಸ್ಕರಿಸುವ ಖರ್ಚು ಬೀಳುತ್ತದೆ.

1973ರ ತೈಲ ಬಿಕ್ಕಟ್ಟು ಹೀಗೆ ಪೋಲಾಗುವ ಇಂಧನದ ಬೆಲೆಯನ್ನು ಮನದಟ್ಟು ಮಾಡಿತು. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2012ರಲ್ಲಿ ಬಂದ ಪ್ಯಾಟ್ (ಪರ್ಫಾರ್ಮ್, ಅಚೀವ್ ಆ್ಯಂಡ್ ಟ್ರೇಡ್) ಯೋಜನೆ ರಸಗೊಬ್ಬರ, ಜವಳಿ ಮುಂತಾದ ಉದ್ಯಮಗಳ ದೊಡ್ಡ ಘಟಕಗಳಿಗೆ ಇಂಧನ ಉಳಿತಾಯದ ಗುರಿ ನಿಗದಿಪಡಿಸಿತು.

ಸೂರತ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕಥೆ ಬೇರೆ. ಪಾಲಿಯೆಸ್ಟರ್‌ಗೆ ಸುಮಾರು 130 ಡಿಗ್ರಿಯಲ್ಲಿ ಬಣ್ಣ ಹಾಕುವ ಜೆಟ್ ಯಂತ್ರಗಳಲ್ಲಿ ಉಗಿ ಬಣ್ಣದ ನೀರನ್ನು ಮುಟ್ಟುವುದಿಲ್ಲ, ಕಂಡೆನ್ಸೇಟ್ ಶುದ್ಧವಾಗಿ ಸಿಗುತ್ತದೆ. ಬಣ್ಣದ ತೊಟ್ಟಿಗೆ ಉಗಿಯನ್ನು ನೇರವಾಗಿ ಬಿಡುವ ಕಡೆ ಅದು ಬಣ್ಣದಲ್ಲೇ ಬೆರೆತುಹೋಗುವುದರಿಂದ ಮರಳಿಸಲು ಏನೂ ಉಳಿಯದು. ಅಲ್ಲಿ ಮರುಬಳಕೆ ಬೇಕಾದರೆ ಮೊದಲು ತೊಟ್ಟಿಗೆ ಉಗಿಯ ಸುರುಳಿ ಕೊಳವೆ ಅಳವಡಿಸಬೇಕು.